ಆಧಾರಸಹಿತ ಉತ್ತರಿಸಿ

ಒಂಬತ್ತನೇ ತರಗತಿಗೆ ಭಾಷೆ ಕಲಿಸುವ ಟೀಚರಿಗೆ ಒಂದು ಹಟವಿತ್ತು. ಬಾಯಿಗೆ ಬಂದದ್ದನ್ನು ಆಡುವ ಮಕ್ಕಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಕಥೆಯಲ್ಲಿರುವ ರಾಜ ಕೆಟ್ಟವನು ಎಂದು ಯಾವನಾದರೂ ಅಂದನೋ, ಎಲ್ಲಿದೆ, ಸಾಲಿನ ಮೇಲೆ ಬೆರಳಿಡು ಎಂದು ಅವನ ಬೆನ್ನು ಹತ್ತುವಳು. ನೀನು ಅನ್ನುವುದು ಹೇಳಿಕೆ. ಅದನ್ನು ಎತ್ತಿ ನಿಲ್ಲಿಸುವುದು ಆಧಾರ. ಬರೆದವರ ಮಾತನ್ನು ಒಂದಕ್ಷರವೂ ಬದಲಿಸದೆ ತಂದರೆ ಉಲ್ಲೇಖ. ಬರೆದವರು ಬಾಯಿಬಿಟ್ಟು ಹೇಳದ್ದನ್ನು ಸಾಲುಗಳಿಂದ ಹೆಕ್ಕಿ ತೆಗೆದರೆ ಊಹೆ. ಈ ನಾಲ್ಕು ಪದ ಮಕ್ಕಳಿಗೆ ನಿದ್ದೆಯಲ್ಲೂ ಬರುವಷ್ಟಾಗಿತ್ತು.

ಪಠ್ಯಪುಸ್ತಕದ ಪಾಠಗಳನ್ನು ಅಭ್ಯಾಸಕ್ಕೆ ಕೊಟ್ಟು ಪ್ರಯೋಜನವಿರಲಿಲ್ಲ. ಅಂಗಡಿಯಲ್ಲಿ ಸಿಗುವ ಗೈಡಿನಲ್ಲಿ ಉತ್ತರಗಳು ರೆಡಿಯಾಗಿ ಕೂತಿರುತ್ತಿದ್ದವು. ಹಾಗಾಗಿ ಟೀಚರ್ ವಾರಕ್ಕೊಂದು ಪುಟ್ಟ ಕಥೆಯನ್ನು ತಾನೇ ಹೊಸೆಯುತ್ತಿದ್ದಳು, ಅದೂ ಬೋರ್ಡಿನ ಮುಂದೆ ನಿಂತು, ಸೀಮೆಸುಣ್ಣ ಹಿಡಿದ ಮೇಲೆ. ಯೋಚನೆ ಮಾಡದೆ ಬರೆಯಬಲ್ಲೆ ಎಂದು ಒಳಗೊಳಗೇ ಜಂಬ ಬೇರೆ. ಯೋಚನೆ ಮಾಡಿ ಬರೆದಿದ್ದರೆ ಚೆನ್ನಾಗಿತ್ತು.

ಅವಳ ಗಂಡನಿಗೆ ಕನ್ನಡಕದ ಅಂಗಡಿ. ದಿನಾ ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಹಾಜರು. ಶಾಲೆಯವರ ಕನ್ನಡಕಗಳನ್ನೆಲ್ಲ ಬಿಟ್ಟಿಯಾಗಿ ರಿಪೇರಿ ಮಾಡಿಕೊಡುತ್ತಿದ್ದ. ಪುಣ್ಯ ಮಾಡಿದ್ದೀಯ ಕಣೇ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವಳನ್ನು ಛೇಡಿಸುವವರೇ. ಅವಳೂ ನಗುತ್ತಿದ್ದಳು. ಆದರೆ ಅವಳಿಗೆ ಅವನನ್ನು ಕಂಡರೆ ಭಯ, ಜೀವಭಯ. ಅವನು ದನಿಯೇರಿಸಿದವನಲ್ಲ. ತಂಗಿಗೆ ಫೋನಿನಲ್ಲಿ ಏನೋ ಹೇಳಿಕೊಂಡಳೆಂದು ಒಂದು ಭಾನುವಾರ ಅವಳನ್ನು ಬಚ್ಚಲಲ್ಲಿ ಕೂಡಿಹಾಕಿ, ಸಂಜೆ ಚಿಲಕ ತೆಗೆದು, ಕೈಗೆ ಚಹಾ ಕೊಟ್ಟಿದ್ದ. ಮನೆಯ ವಿಷಯ ಇನ್ನೊಮ್ಮೆ ಹೊರಗೆ ಹೋದರೆ ನೀನು ಮನೆಯಿಂದ ಹೊರಗೆ ಹೋಗುವುದಿಲ್ಲ ಎಂದು ಮೆತ್ತಗೆ ಹೇಳಿದ್ದ. ಅಂದಿನಿಂದ ಅವಳು ಯಾರ ಹತ್ತಿರವೂ ತುಟಿ ಬಿಚ್ಚಿರಲಿಲ್ಲ.

ಅವತ್ತು ಕೊನೆಯ ಪಿರಿಯಡ್. ಈವರೆಗಿನ ಎಲ್ಲ ಕಥೆಗಳಿಗೂ ಹೊಂದುವ ಒಂದು ಹೇಳಿಕೆ ಹುಡುಕಿ, ಆಧಾರ ಕೊಡಿ ಎಂದು ಟೀಚರ್ ಕೆಲಸ ಹಚ್ಚಿದ್ದಳು. ಕ್ಲಾಸಿನಲ್ಲಿ ವಕೀಲೆ ಎಂದೇ ಹೆಸರಾದ ಹುಡುಗಿ ಮೊದಲು ಎದ್ದಳು. ಬೋರ್ಡಿನ ಮೇಲೆ ದುಂಡಗೆ ಬರೆದಳು:

ಹೇಳಿಕೆ: ಈ ಕಥೆಗಳನ್ನು ಬರೆದವರಿಗೆ ಮನೆಗೆ ಹೋಗಲು ಭಯ.

ಕೆಳಗೆ ಉಲ್ಲೇಖಗಳು. 'ಬಾಗಿಲಲ್ಲಿ ಕೀಲಿ ತಿರುಗಿದ ಸದ್ದಿಗೆ ಅವಳು ಹಾಡು ನಿಲ್ಲಿಸಿದಳು.' ಇದು ದೀಪಸ್ತಂಭ ಕಾಯುವವನ ಹೆಂಡತಿಯ ಕಥೆಯದು. 'ರಾಜ ಮೆಲ್ಲಗೆ ಮಾತಾಡಿದಷ್ಟೂ ರಾಣಿಯ ಕೈ ನಡುಗಿತು.' 'ಬೇಟೆಗಾರ ನಗುನಗುತ್ತಲೇ ಪಂಜರದ ಬಾಗಿಲು ಹಾಕಿದ.'

ಟೀಚರ್ ಆ ಸಾಲುಗಳನ್ನು ಮತ್ತೊಮ್ಮೆ ಓದಿಕೊಂಡಳು. ಒಂದೊಂದು ಸಾಲೂ ಅವಳದೇ. ಯಾರಿಗೂ ಹೇಳಲಿಲ್ಲ ಎಂದುಕೊಂಡಿದ್ದವಳು ನಲವತ್ತು ಮಕ್ಕಳಿಗೆ ವಾರವಾರವೂ ಹೇಳುತ್ತಲೇ ಬಂದಿದ್ದಳು.

"ಇದು ಬರೀ ಊಹೆ ಅಲ್ವಾ?" ಎಂದಳು, ದನಿ ಗಟ್ಟಿ ಮಾಡಿಕೊಂಡು.

"ಊಹೇನೇ ಮಿಸ್," ಎಂದಳು ವಕೀಲೆ. ಎದ್ದು ಬಂದಾಗಿನ ಗತ್ತು ಈಗ ಅವಳಲ್ಲಿ ಇರಲಿಲ್ಲ. "ಆದ್ರೆ ಆಧಾರ ಇದೆ."

ಮಕ್ಕಳ ಕಣ್ಣುಗಳು ಬಾಗಿಲ ಕಡೆ ಹೊರಳಿದವು. ಗಂಡ ಅಲ್ಲಿ ನಿಂತಿದ್ದ. ಕರೆಂಟು ಹೋಯಿತೆಂದು ಅಂಗಡಿ ಬೇಗ ಮುಚ್ಚಿ ಬಂದಿದ್ದ. ಶಾಲೆಯ ಕಾವಲುಗಾರ ಅವನನ್ನು ಯಾವತ್ತಾದರೂ ತಡೆದದ್ದುಂಟೇ? ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದ.

"ಅಕ್ಷರ ಮುದ್ದಾಗಿದೆ. ಯಾರದು?"

ಅವನು ಡಸ್ಟರ್ ಎತ್ತಿಕೊಂಡು, ಒಂದು ಗೀರೂ ಉಳಿಯದಂತೆ ಬೋರ್ಡು ಒರೆಸಿದ. ಕೈಗೆ ಹತ್ತಿದ ಪುಡಿಯನ್ನು ಕರವಸ್ತ್ರದಲ್ಲಿ ಉಜ್ಜಿಕೊಂಡ.

"ಬ್ಯಾಗ್ ತಗೋ. ಮನೇಲಿ ಮಾತಾಡೋಣ."

ಅಭ್ಯಾಸಬಲ, ಬ್ಯಾಗು ಆಗಲೇ ಅವಳ ಹೆಗಲಿಗೇರಿತ್ತು. ಇವತ್ತು ಆ ಮನೆಯ ಹೊಸಿಲು ದಾಟಿ ಒಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ ಎಂಬುದು ಅವಳಿಗೆ ಹಗಲಿನಷ್ಟು ಸ್ಪಷ್ಟವಿತ್ತು. ಬ್ಯಾಗನ್ನು ಇಳಿಸಿ ಮೇಜಿನ ಮೇಲಿಟ್ಟಳು.

"ನಾನು ಬರಲ್ಲ."

ಅವನು ಮಕ್ಕಳ ಕಡೆ ತಿರುಗಿ ನಕ್ಕ. ಪರವಾಗಿಲ್ಲ, ಕಾಯುತ್ತೇನೆ, ಶಾಲೆ ಹೇಗೂ ಮುಚ್ಚಲೇಬೇಕಲ್ಲ ಎಂದು ಹೇಳಿ ಹೊರಗಿನ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. ಗಂಟೆ ಹೊಡೆಯಿತು. ಪಕ್ಕದ ಕ್ಲಾಸುಗಳು ಗದ್ದಲ ಮಾಡುತ್ತ ಖಾಲಿಯಾದವು. ಒಂಬತ್ತನೇ ತರಗತಿಯಲ್ಲಿ ಒಂದು ಬೆಂಚೂ ಕದಲಲಿಲ್ಲ.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಆ ಕಡೆ ಬಂದರು. ಹೊರಗೆ ಅವನೊಡನೆ ಅವರ ಮಾತು, ನಗು, ಹೊಸ ಕನ್ನಡಕದ ಗುಣಗಾನ ಕೇಳಿಸಿತು. ಆಮೇಲೆ ಅವರು ಬಾಗಿಲಲ್ಲಿ ಇಣುಕಿ, ಯಜಮಾನರನ್ನು ಇಷ್ಟು ಹೊತ್ತು ಕಾಯಿಸುವುದೇನಮ್ಮಾ ಎಂದು ಹುಸಿಮುನಿಸು ತೋರಿದರು. ಅವನು ಅವರ ಬೆನ್ನ ಹಿಂದೆಯೇ ಬಂದು ನಿಂತ.

"ಮಿಸ್ ಮನೆಗೆ ಹೋಗಲ್ಲ ಮೇಡಂ," ಎಂದಳು ವಕೀಲೆ.

"ಯಾಕಮ್ಮಾ?"

ಎಲ್ಲರೂ ಟೀಚರನ್ನು ನೋಡಿದರು. ಅವಳ ಬೆನ್ನ ಹಿಂದೆ ಬೋರ್ಡು ಬರಿದಾಗಿತ್ತು. ಎಲ್ಲಿಂದ ಶುರು ಮಾಡುವುದು, ಯಾವುದನ್ನು ತೋರಿಸುವುದು ಎಂದು ಅವಳಿಗೆ ಹೊಳೆಯಲಿಲ್ಲ. ಆದರೂ ಆ ಭಾನುವಾರದ ಮೇಲೆ ಮೊದಲ ಸಲ ಬಾಯಿಬಿಟ್ಟಳು.

"ನನಗೆ ಇವರನ್ನು ಕಂಡ್ರೆ ಭಯ ಮೇಡಂ."

ಮುಖ್ಯೋಪಾಧ್ಯಾಯಿನಿ ತಿರುಗಿ ಅವನನ್ನು ನೋಡಿದರು. ಅವನು ಪಾಪದವನಂತೆ ಕೈ ಚೆಲ್ಲಿ ನಿಂತಿದ್ದ. ಅವರಿಗೆ ನಗು ತಡೆಯಲಾಗಲಿಲ್ಲ.

"ಇವರನ್ನಾ?" ಎಂದರು.