ಥಾರ್ನ್ ಸಾಹೇಬರ ಅಸ್ಥಿ ವಿವಾದ

ತಾಳಮದ್ದಳೆಯ ಪೋಸ್ಟರಿನಲ್ಲಿ ‘ಆಸ್ತಿ ವಿವಾದ’ ಎಂದು ಬಂದದ್ದನ್ನು ಕಂಡು ನನ್ನ ಮಗಳು ಅಕ್ಷಿತಾ ಊಟದ ತಟ್ಟೆಯನ್ನು ಅಲ್ಲಿಯೇ ಬಿಟ್ಟು ಫೋನು ಹಿಡಿದಳು. ಆ ಕಡೆ ಕನ್ನಡ ಸಂಘದ ಕಾರ್ಯದರ್ಶಿ ಮುನಿಯಪ್ಪನವರು. ಮೈಸೂರು ಕಡೆಯವರು, ಗಂಟಲು ಎಷ್ಟು ದೊಡ್ಡದೆಂದರೆ ಸ್ಪೀಕರ್ ಹಾಕದಿದ್ದರೂ ಮಸ್ಕತ್ತಿನ ಹಮ್ರಿಯಾದ ನಮ್ಮ ಪುಟ್ಟ ಫ್ಲಾಟಿನಲ್ಲಿ ಅಡುಗೆಮನೆಯವರೆಗೆ ಕೇಳುತ್ತಿತ್ತು.

“ಅಂಕಲ್, ಅದು ಆಸ್ತಿ ಅಲ್ಲ, ಅಸ್ಥಿ. ಅ ಹ್ರಸ್ವ, ಥ ಮಹಾಪ್ರಾಣ. ಅಸ್ಥಿ ಅಂದ್ರೆ ಮೂಳೆ!”

“ಗೊತ್ತಾಯ್ತು ಕಣಮ್ಮ. ನಮ್ ಪೋಸ್ಟರ್ ಮಾಡೋ ಹುಡ್ಗ ಕ್ಲೇಟನ್ ಟೈಪ್ ಮಾಡೋವಾಗ ಹಂಗಾಗೋಯ್ತು. ಆದ್ರೆ ಒಂದ್ ಮಾತ್ ಕೇಳು. ಅಸ್ಥಿ ಅಂತ ಹಾಕಿದ್ರೆ ಯಾರ್ ಬತ್ತಾರೆ? ಯಾರ್ದೋ ಅಸ್ಥಿ ಹೊಳೇಲಿ ಬಿಡೋಕ್ ಹೊಂಟವ್ರೆ ಅನ್ಕೊತಾರೆ. ಈಗ್ ನೋಡು, ಆಸ್ತಿ ಅಂದಿದ್ದಕ್ಕೆ ಸೊಹಾರಿಂದ ಒಂದ್ ಬಸ್ ಜನ ಬತ್ತಾವ್ರೆ. ನಿಮ್ ಮಂಗಳೂರೋರ್ ಮನೇಲೆಲ್ಲಾ ಒಂದೊಂದ್ ಪಾಲಿನ್ ಕೇಸ್ ಐತೆ ತಾನೆ?”

“ಅದಕ್ಕೂ ಇದಕ್ಕೂ ಎಂತ ಸಂಬಂಧ ಅಂಕಲ್?”

“ಜನ ಬತ್ತಾರಲ್ಲ, ಅದೇ ಸಂಬಂಧ. ಗ್ರೂಪಲ್ಲೆಲ್ಲಾ ಹೋಗಾಯ್ತು. ಖಲಾಸ್!”

ಅವಳು ಫೋನಿಟ್ಟು ನನ್ನನ್ನು ನೋಡಿದಳು. ನಾನು ತಟ್ಟೆಯನ್ನು ಅವಳ ಕಡೆಗೆ ಸರಿಸಿದೆ. ಮಾತಾಡುವವರು ಮನೆಯಲ್ಲಿ ಇಬ್ಬರಿದ್ದಾರೆ; ಕೇಳುವುದಕ್ಕೆ ನಾನೊಬ್ಬಳಾದರೂ ಬೇಕಲ್ಲ.

ಅಕ್ಷಿತಾ ಇಲ್ಲಿಯ ಭಾರತೀಯ ಶಾಲೆಯೊಂದರಲ್ಲಿ ಜೀವಶಾಸ್ತ್ರದ ಟೀಚರು. ಅವಳು ಬರೆದದ್ದು ತಾಳಮದ್ದಳೆಗೆ ಒಂದು ಹೊಸ ಪ್ರಸಂಗ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದು, ಪಾತ್ರವೇ ತಾವಾಗಿ, ಅಲ್ಲಿಯೇ ಹುಟ್ಟಿದ ಮಾತಿನಲ್ಲಿ ವಾದಿಸುತ್ತಾರೆ. ದೇವರು, ದಾನವರು, ಋಷಿಗಳು ಮಾತಾಡುವ ಆ ಜಾಗದಲ್ಲಿ ಇವಳು ತಂದು ಕೂರಿಸಿದ್ದು ಎಲಿಯಾಸ್ ಥಾರ್ನ್ ಎಂಬ ಒಬ್ಬ ಬಿಳಿಯನನ್ನು. ದೋಣಿ ಕಟ್ಟುವವನ ಮಗ. ಹಡಗಿನ ವೈದ್ಯನಾಗಿ ಮಸ್ಕತ್ತಿಗೆ ಬಂದವನು. ಹಡಗು ದುರಸ್ತಿಗೆ ನಿಂತಾಗ ಸುಮ್ಮನಿರಲಾರದೆ ಒಂಟೆ ಹತ್ತಿ ಬೆಟ್ಟದ ಕಡೆ ಹೋದ. ಒಣಗುಡ್ಡದ ಬಂಡೆಯೊಳಗೆ ಕಡಲಿನ ಚಿಪ್ಪು ಕಂಡ. ಅದರ ಪಕ್ಕದಲ್ಲಿ ಕಲ್ಲಾಗಿ ಹೋದ ಮೂಳೆ ಕಂಡ. ಅವನ್ನು ಖರ್ಜೂರದ ಚಾಪೆಯಲ್ಲಿ ಸುತ್ತಿ ಲಂಡನ್ನಿಗೆ ಒಯ್ದು, ಜೋಡಿಸಿ, ಇದು ಹಿಂದೆ ಬದುಕಿದ್ದ ಮಹಾಜಲಚರ ಎಂದು ಹೆಸರಿಟ್ಟ. ಕೀರ್ತಿ ಬಂತು, ಪದಕ ಬಂತು. ಮುದುಕನಾದಾಗ ಲೂಕಸ್ ಪೆನ್ ಎಂಬ ಹುಡುಗಪ್ರಾಯದ ಪಂಡಿತ ಎದ್ದು ನಿಂತು, ತಲೆ ಮೊಸಳೆಯದು, ಪಕ್ಕೆಲುಬು ಕಡಲಹಸುವಿನದು, ನೀವು ಎರಡನ್ನು ಸೇರಿಸಿ ಒಂದು ಮಾಡಿದ್ದೀರಿ ಎಂದ. ಥಾರ್ನ್ ಸಾಹೇಬ ತುಂಬಿದ ಸಭೆಯಲ್ಲಿ ಹೌದು ಎಂದು ಒಪ್ಪಿಕೊಂಡ.

“ಇಡೀ ಪ್ರಸಂಗ ಇರೋದೇ ಆ ಒಂದು ಪದ್ಯಕ್ಕಾಗಿ ಅಮ್ಮ,” ಎಂದಿದ್ದಳು ಅಕ್ಷಿತಾ. “ನನ್ನ ಕ್ಲಾಸಿನ ಮಕ್ಕಳು ಬರ್ತಾರೆ. ತಪ್ಪಾದ ಕೂಡಲೇ ವೈಟ್ನರ್ ಹಾಕಿ ಮುಚ್ಚುವವು ಅವು. ದೊಡ್ಡವರೊಬ್ಬರು ಎಲ್ಲರೆದುರು ತಪ್ಪು ನನ್ನದು ಅಂತ ಹೇಳೋದನ್ನು ಒಮ್ಮೆ ಕೇಳಲಿ.”

ಆ ಪದ್ಯವನ್ನು ನನಗೆ ಹಾಡಿ ತೋರಿಸಿದ್ದಳು. ಪದ್ಯ ಕಿವಿಗೆ ಬಿದ್ದರೆ ನನಗೆ ಕೈ ತಾನಾಗಿ ಮುಗಿಯುತ್ತದೆ. ಮೊಸಳೆ ಮೂಳೆಯದಾದರೂ ಮುಗಿಯಿತು.

ಎರಡು ಜೀವದ ಮೂಳೆ ರಾಶಿಯ
ಬೆರಸಿಯೊಂದೇ ದೇಹವೆಂದೆನು
ಮರೆಯಲೇಕಿನ್ನೆನ್ನ ತಪ್ಪದು ಸಭೆಯೆ ಕೇಳೆಂದ

ಮಾತ್ರೆ ಸರಿಯಾಗಿತ್ತು, ಪ್ರಾಸ ಸರಿಯಾಗಿತ್ತು. ಸರಿಯಿಲ್ಲದ್ದು ಒಂದೇ: ಥಾರ್ನನ ಅರ್ಥ ಹೇಳುವವರು ನನ್ನ ಯಜಮಾನರು.

ಇವರ ಹೆಸರು ಅಂಗಾರ. ರೂವಿಯಲ್ಲಿ ಹಡಗು ಸಾಮಾನಿನ ಆಫೀಸಿನಲ್ಲಿ ಕೆಲಸ. ಮಸ್ಕತ್ತಿನಲ್ಲಿ ಇವರಷ್ಟು ಗಟ್ಟಿ ಅರ್ಥಧಾರಿ ಇಲ್ಲ, ಒಪ್ಪುತ್ತೇನೆ. ಆದರೆ ಮದುವೆಯಾದಂದಿನಿಂದ ಈ ಬಾಯಿಂದ ‘ತಪ್ಪು ನನ್ನದು’ ಎಂಬ ಮಾತನ್ನು ನಾನು ಕೇಳಿದವಳಲ್ಲ. ಹಾಲು ಉಕ್ಕಿದರೆ ಒಲೆಯದು ತಪ್ಪು. ವಿಮಾನ ಬಿಟ್ಟು ಹೋದರೆ ವಿಮಾನದ್ದು. ಒಮ್ಮೆ ನನ್ನ ತಮ್ಮನ ಮದುವೆಗೆ ಬೇರೆಯೇ ಮದುವೆ ಹಾಲ್‌ಗೆ ಕರೆದುಕೊಂಡು ಹೋಗಿ, ಅಲ್ಲಿ ಪಾಯಸ ಉಂಡು, “ಹಾಲ್ ಬದಲಾಯಿಸಿದವರು ಒಂದು ಮಾತು ಹೇಳ್ಬೇಕಿತ್ತು” ಎಂದವರು. ಹಾಲ್ ಯಾರೂ ಬದಲಾಯಿಸಿರಲಿಲ್ಲ. ಅಕ್ಷಿತಾ ಬೇಕೆಂದೇ ಅಪ್ಪನಿಗೆ ಈ ಪಾತ್ರ ಬರೆದಳೋ ಏನೋ, ನಾನು ಕೇಳಲಿಲ್ಲ. ಪಾತ್ರದ ಮರೆಯಲ್ಲಾದರೂ ಆ ಮಾತು ಕೇಳುವ ಆಸೆ ನನಗೂ ಇತ್ತು ಎಂಬುದು ದೇವರಿಗೆ ಗೊತ್ತು.

ಎದುರಾಳಿ ಪೆನ್ನನ ಪಾತ್ರ ಶಾಹುಲ್ ಹಮೀದರಿಗೆ. ನಮ್ಮ ಬೀದಿಯಲ್ಲಿ ಜೀನಸಿನ ಅಂಗಡಿ ಇಟ್ಟಿರುವ ಉಪ್ಪಿನಂಗಡಿಯ ಬ್ಯಾರಿ. ಪುರಾಣ ಅವರಿಗೆ ಬಾಯಿಪಾಠ. ಬೆಳಿಗ್ಗೆ ಹಾಲು ತರಲು ಹೋದಾಗ ನೋಡುತ್ತೇನೆ, ಗಲ್ಲಾದ ಮೇಲೆ ದಪ್ಪ ಪುಸ್ತಕ, ಕಣ್ಣಿಗೆ ಕನ್ನಡಕ.

“ಎಂತ ಓದ್ತಾ ಇದ್ದೀರಿ ಹಮೀದಾಕ?” ಎಂದಳು ಜೊತೆಗಿದ್ದ ಅಕ್ಷಿತಾ.

“ಅಳಿಯಸಂತಾನದ ಕಾಯ್ದೆ ಮಾರಾಯ್ತಿ. ಊರಿಂದ ತರಿಸಿದ್ದು. ಆಸ್ತಿ ವಿವಾದ ಅಲ್ವಾ? ನಿನ್ನಪ್ಪನನ್ನು ಈ ಸರ್ತಿ ಕೋರ್ಟಿಗೆ ಎಳೀತೇನೆ ನೋಡು.”

“ಹಮೀದಾಕ! ಪ್ರಸಂಗದ ಪ್ರತಿ ಕಳಿಸಿದ್ದೆನಲ್ಲ!”

“ಬಂತು, ಬಂತು. ಅದನ್ನೂ ಓದ್ತೇನೆ. ಮೊಸಳೆಗೆ ಪಾಲು ಯಾವ ಸೆಕ್ಷನಲ್ಲಿ ಬರ್ತದೆ ಅಂತ ಹುಡುಕ್ತಾ ಇದ್ದೇನೆ.”

ಅವಳು ಅಂಗಡಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ನಾನು ಹಾಲು ತೆಗೆದುಕೊಂಡು ರಾಮರಾಮ ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಅಲ್ ಅಮೇರಾತಿನ ಬಾಡಿಗೆ ಹಾಲ್‌ನಲ್ಲಿ ಜನವೋ ಜನ. ಸಂಜೆಯ ಮಗ್ರಿಬ್ ಬಾಂಗಿನೊಳಗೆ ಹಾಲ್ ಬಿಟ್ಟುಕೊಡಬೇಕು ಎಂಬುದು ಕರಾರು. ಹಿಂದಿನ ಸಾಲಿನಲ್ಲಿ ಸೊಹಾರಿನವರು, ಮುಂದಿನ ಸಾಲಿನಲ್ಲಿ ಅಕ್ಷಿತಾಳ ಶಾಲೆಯ ಮಕ್ಕಳು. ನನ್ನ ಪಕ್ಕದ ಹೆಂಗಸು, “ನಮ್ಮದೂ ಮಾವನ ಕಡೆಯ ಜಾಗದ್ದು ತಕರಾರು ಉಂಟಕ್ಕ, ಏನಾದ್ರೂ ದಾರಿ ಸಿಗ್ತದಾ ಅಂತ ಬಂದದ್ದು,” ಎಂದಳು. ನಾನು ತಲೆಯಾಡಿಸಿದೆ.

ಮುನಿಯಪ್ಪನವರ ಸ್ವಾಗತ ಭಾಷಣ ಮುಗಿಯಿತು ಅಂದುಕೊಂಡಾಗಲೆಲ್ಲ ಮತ್ತೆ ಶುರುವಾಯಿತು. ಕೊನೆಗೆ ಭಾಗವತ ವಿಶಾಲ್ ಜಾಗಟೆ ತೆಗೆದುಕೊಂಡ. ಸೊಹಾರಿನ ಕಂಪನಿಯೊಂದರಲ್ಲಿ ಟೆಕ್ನಿಷಿಯನ್. ಕಂಠ ಮಾತ್ರ ದೇವರು ಕೊಟ್ಟದ್ದು. ಗಣಪತಿಯ ಸ್ತುತಿಗೆ ನಾನು ಕಣ್ಣುಮುಚ್ಚಿದೆ. ಅಷ್ಟು ಹೊತ್ತು ನೆಮ್ಮದಿಯಿತ್ತು.

ಮೊದಲ ಭಾಗ ಚೆನ್ನಾಗಿಯೇ ನಡೆಯಿತು. ಇವರು ಒಂಟೆಯ ಮೇಲೆ ಬೆಟ್ಟಕ್ಕೆ ಹೋದರು, ಚಿಪ್ಪು ಕಂಡರು. “ಒಣಗಿದ ಈ ನೆಲದ ನೆನಪಿನಲ್ಲಿ ಇನ್ನೂ ಕಡಲು ಉಂಟು” ಎಂದಾಗ ಮಕ್ಕಳು ಕೂಡ ಇಂಗ್ಲಿಷಿನ ಪಿಸುಮಾತು ನಿಲ್ಲಿಸಿದರು. ಆಮೇಲೆ ಪೆನ್ನನಾಗಿ ಹಮೀದರು ಬಾಯಿ ತೆರೆದರು.

“ಥಾರ್ನ್ ಮಹಾಶಯರೇ, ಒಂದು ಮನೆ. ಒಳಗೆ ಎರಡು ಕುಟುಂಬ. ಒಂದು ಮೊಸಳೆಯ ಕುಟುಂಬ, ಇನ್ನೊಂದು ಕಡಲಹಸುವಿನದ್ದು. ಹೊಟ್ಟೆಗೆ ಮಾಂಸ ತಿನ್ನುವವನಿಗೂ ಹುಲ್ಲು ಮೇಯುವವಳಿಗೂ ಒಂದೇ ಒಲೆ ಇಟ್ಟವರು ಯಾರು? ನೀವು! ತಲೆಯ ಹಲ್ಲು ನೋಡಿದಿರಿ, ಪಕ್ಕೆಲುಬಿನ ತೂಕ ನೋಡಲಿಲ್ಲ. ಅವಳ ಪಾಲಿನ ಎಲುಬನ್ನು ಅವನ ಹೆಸರಿಗೆ ಬರೆದಿರಿ. ಪಾಲು ಮಾಡಿ ಸ್ವಾಮೀ! ಮೊಸಳೆಯದು ಮೊಸಳೆಗೆ, ಹಸುವಿನದು ಹಸುವಿಗೆ!”

ಸೊಹಾರಿನವರು ಚಪ್ಪಾಳೆ ತಟ್ಟಿದರು. ಪಕ್ಕದ ಹೆಂಗಸು, “ಸರಿಯಾಗಿ ಕೇಳಿದ್ರು,” ಎಂದು ಸೀಟಿನ ತುದಿಗೆ ಬಂದಳು. ಕಾಯ್ದೆ ಪುಸ್ತಕ ಓದಿದ್ದು ವ್ಯರ್ಥವಾಗಿರಲಿಲ್ಲ. ಶಾಸ್ತ್ರದ ವಾದವೂ ಅದೇ ಆಗಿತ್ತು. ಪರದೆಯ ಬಳಿ ನಿಂತಿದ್ದ ಅಕ್ಷಿತಾಳ ಮುಖ ಮೊದಲ ಸಲ ಅರಳಿತು.

ಆಗ ವಿಶಾಲ್ ಆ ಪದ್ಯ ಎತ್ತಿಕೊಂಡ. ‘ಎರಡು ಜೀವದ ಮೂಳೆ ರಾಶಿಯ…’ ಕೊನೆಯ ಸಾಲನ್ನು ಎಳೆದು ನಿಲ್ಲಿಸಿದ. ಈಗ ಹೇಳುತ್ತಾರೆ ಎಂದು ನಾನು ಕೈ ಮುಗಿದು ಕೂತೆ.

ಇವರು ಶಾಲು ಸರಿಮಾಡಿಕೊಂಡರು. ಆ ಶಾಲು ಸರಿಮಾಡುವ ಚಂದ ಕಂಡೊಡನೆ ಇವರು ಒಪ್ಪುವವರಲ್ಲ ಎಂದು ನನಗೆ ಗೊತ್ತಾಯಿತು.

“ಅಯ್ಯಾ ಪೆನ್! ಪದ್ಯ ಕೇಳಿದೆಯಾ? ಎನ್ನ ತಪ್ಪದು. ತಪ್ಪದು ಅಂದರೆ ಏನು? ತಪ್ಪುವುದಿಲ್ಲ! ಸೂರ್ಯ ಹುಟ್ಟುವುದು ತಪ್ಪದು, ಕಡಲಿನ ಅಲೆ ತಪ್ಪದು, ಈ ಥಾರ್ನನ ಲೆಕ್ಕಾಚಾರವೂ ತಪ್ಪದು! ಮರೆಯಲೇಕೆ? ಸಭೆಯೇ ಕೇಳು, ಎನ್ನ ನುಡಿ ತಪ್ಪದು!”

ಸೊಹಾರಿನವರಿಂದ ಶಿಳ್ಳೆ. ಹಮೀದರೇ ತೊಡೆ ತಟ್ಟಿ ನಕ್ಕರು. ಆಮೇಲೆ ಪಾತ್ರ ನೆನಪಾಗಿ ಮುಖ ಬಿಗಿದುಕೊಂಡರು. ಅಕ್ಷಿತಾ ಹಣೆಗೆ ಕೈ ಹಚ್ಚಿದಳು. ಇಷ್ಟು ಜನರ ಎದುರು, ಅವಳು ಬರೆದ ಪದವನ್ನೇ ಹಿಡಿದು, ಅಪ್ಪನೇ ಅವಳ ಪ್ರಸಂಗದ ಕುತ್ತಿಗೆ ಹಿಚುಕಿದ್ದರು. ‘ತಪ್ಪು ಅದು’ ಎಂದು ಅವಳು ಸೇರಿಸಿ ಬರೆದದ್ದನ್ನು ‘ತಪ್ಪುವುದಿಲ್ಲ’ ಎಂದು ಒಡೆದಿದ್ದರು. ವ್ಯಾಕರಣದಲ್ಲಿ ದೋಷವಿಲ್ಲ. ಅದೇ ಸಿಟ್ಟು ಬರುವ ಸಂಗತಿ.

ವಿಶಾಲ್ ಜಾಣ. ಮಾತು ಹಳಿ ಬಿಟ್ಟರೆ ಭಾಗವತನ ಕೈಯಲ್ಲಿರುವ ಉಪಾಯವೆಂದರೆ ಅದೇ ಪದ್ಯವನ್ನು ಮತ್ತೆ ಹಾಡುವುದು. ಹಾಡಿದ. ಇವರು ಮತ್ತೆ ‘ತಪ್ಪದು’ ಎಂದು ಗುಡುಗಿ, ಈ ಸಲ ಗ್ರಹತಾರೆಗಳನ್ನೂ ಸಾಕ್ಷಿಗೆ ಕರೆದರು. ಹಮೀದರು, “ಹಾಗಾದರೆ ಎರಡು ಜೀವ ಅಂತ ಮೊದಲ ಸಾಲಿನಲ್ಲಿ ಒಪ್ಪಿದ್ದು ಯಾರು?” ಎಂದರೆ, “ನಿನ್ನ ವಾದವನ್ನು ನಿನ್ನ ಬಾಯಿಗಿಂತ ಚಂದವಾಗಿ ಹೇಳಿ ತೋರಿಸಿದೆ ಮಗೂ” ಎಂದರು. ಮುನಿಯಪ್ಪನವರು ಬಾಗಿಲ ಬಳಿ ನಿಂತು ಗಡಿಯಾರದ ಕಡೆ ಬೆರಳು ತೋರಿಸುತ್ತಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು, “ಮಿಸ್, ಸೋ ಹೀ ವಾಸ್ ರೈಟ್?” ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಅಕ್ಷಿತಾಳ ಕಣ್ಣು ತುಂಬಿತ್ತು.

ಪದ್ಯ ನಡೆಯುವಾಗ ಮಧ್ಯೆ ಬಾಯಿ ಹಾಕಬಾರದು. ಅದು ನನಗೆ ಎದೆಹಾಲಿನ ಜೊತೆ ಬಂದ ಪಾಠ. ಕೇಳುವವರು ಕೇಳಬೇಕು. ಆದರೆ ಮೂರನೆಯ ಸಲವೂ ವಿಶಾಲ್ ಉಸಿರೆಳೆದುಕೊಂಡದ್ದು ಕಂಡು ನನಗೆ ಏನಾಯಿತೋ, ಎದ್ದು ನಿಂತಿದ್ದೆ.

“ಭಾಗವತರೇ,” ಎಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. “ಅದು ತಪ್ಪದು ಅಲ್ಲ. ತಪ್ಪಿದು. ಪ್ಪ-ಕ್ಕೆ ಗುಡಿಸು ಉಂಟು. ಮಾತ್ರೆ ಕೆಡುವುದಿಲ್ಲ, ಹಾಡಿ ನೋಡಿ.”

ಇವರು ನನ್ನ ಕಡೆ ನೋಡಿದರು. ಹಮೀದರು ನನ್ನ ಕಡೆ ನೋಡಿದರು. ಪಕ್ಕದ ಹೆಂಗಸು ನನ್ನ ಸೆರಗು ಜಗ್ಗಿ, “ಅಕ್ಕ, ಕೂತ್ಕೊಳ್ಳಿ,” ಎಂದಳು. ನಾನು ಕೂರಲಿಲ್ಲ. ಕೂತರೆ ಮತ್ತೆ ಏಳಲಾರೆ ಅನ್ನಿಸಿತ್ತು.

ವಿಶಾಲ್ ಒಂದು ಕ್ಷಣ ಬಾಯೊಳಗೆ ಗುಣುಗುಣಿಸಿ ನೋಡಿದ. ಅವನ ಮುಖದಲ್ಲಿ ನಗು ಮೂಡಿತು. ಹಾಡಿದ. ‘ಮರೆಯಲೇಕಿನ್ನೆನ್ನ ತಪ್ಪಿದು’ ಎಂದು ಬಂದಾಗ ಆ ಒಂದು ಅಕ್ಷರದ ಮೇಲೆ ಎಷ್ಟು ಹೊತ್ತು ನಿಂತ ಎಂದರೆ, ಒಡೆಯುವುದಕ್ಕೆ ಎಲ್ಲಿಯೂ ಬಿರುಕು ಉಳಿಯಲಿಲ್ಲ. ಎನ್ನ ತಪ್ಪು ಇದು. ಇಷ್ಟೇ.

ಇವರ ಕೈ ಶಾಲಿಗೆ ಹೋಯಿತು. ಅರ್ಧದಲ್ಲಿ ನಿಂತಿತು. ಆಮೇಲೆ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ದನಿಯಲ್ಲಿ ಗುಡುಗು ಇರಲಿಲ್ಲ.

“ಹೌದು ಪೆನ್. ಎರಡು. ಒಂದು ಮಾಡಿದವನು ನಾನು. ತಲೆ ಸಿಕ್ಕಿದ ಸಂತೋಷದಲ್ಲಿ, ಪಕ್ಕದಲ್ಲಿ ಬಿದ್ದದ್ದೆಲ್ಲ ಅದರದೇ ಅಂದುಕೊಂಡೆ. ಆಮೇಲೆ ಅನುಮಾನ ಬಂದಿತ್ತು. ಬಂದಾಗಲೆಲ್ಲ ಇನ್ನಷ್ಟು ಗಟ್ಟಿಯಾಗಿ ಮಾತಾಡಿದೆ. ತಪ್ಪು ನನ್ನದು.”

ಮದ್ದಳೆಯವನು ಪೆಟ್ಟು ಹಾಕುವುದನ್ನು ಮರೆತ. ಹಮೀದರಿಗೆ ಅದು ಗೆಲುವಿನ ಗಳಿಗೆ. ಬೇಕಿದ್ದರೆ ಅರ್ಧ ಗಂಟೆ ಮೆರೆಯಬಹುದಿತ್ತು. ಅವರು ಎದ್ದು ಬಾಗಿ, “ಗುರುಗಳೇ, ಬಂದಾಗ ನಿಮ್ಮ ಹತ್ತಿರ ಒಂದು ಪ್ರಾಣಿ ಇತ್ತು. ಈಗ ಎರಡಾಯಿತು. ಆಸ್ತಿ ಬೆಳೆಯಿತಲ್ಲ,” ಎಂದರು. ಆಗ ಇಡೀ ಸಭೆ ಸಿಡಿಯಿತು. ಮಕ್ಕಳು ಎದ್ದು ನಿಂತು ಕೂಗಿದರು. ನಾನು ಕೂತೆ. ಮಂಗಳದ ಪದ್ಯ ಅರ್ಧಕ್ಕೆ ಬಂದಿತ್ತು, ಕೈ ಮುಗಿಯಲು ಮರೆತಿದ್ದೆ.

ವಾಪಸು ಬರುವಾಗ ಕಾರಿನಲ್ಲಿ ಇವರದೇ ಮಾತು. ಹಮೀದರ ಪಾಲಿನ ವಾದಕ್ಕೆ ತಾನು ಕೊಡಬಹುದಾಗಿದ್ದ ಉತ್ತರಗಳು, ಮೈಕಿನ ದೋಷ, ಮುನಿಯಪ್ಪನವರ ಭಾಷಣ. “ಆ ಕೊನೆಯದು ಹೇಗಿತ್ತು? ಸಭೆ ಹಿಡಿದು ನಿಲ್ಲಿಸಿದೆ ಅಲ್ವಾ? ಅದು ಸೋಲಲ್ಲ, ತಿಳೀತಾ. ಪಾತ್ರ ಕೇಳಿತು, ಕೊಟ್ಟೆ.”

“ಚಂದ ಇತ್ತು ಅಪ್ಪ,” ಎಂದಳು ಅಕ್ಷಿತಾ ಹಿಂದಿನ ಸೀಟಿನಿಂದ. ಮನಸ್ಸಿನಿಂದಲೇ ಹೇಳಿದಳು. ಒಂದು ಗಳಿಗೆ ಬಿಟ್ಟು, “ಅಪ್ಪ, ಇದು ಖುರಿಯಾತಿನ ರಸ್ತೆ, ಮನೆಯದ್ದಲ್ಲ,” ಎಂದಳು.

ಹೊರಗೆ ದೀಪಗಳು ಮುಗಿದು ಬರೀ ಗುಡ್ಡ ಕಾಣುತ್ತಿತ್ತು.

“ಗೊತ್ತುಂಟು,” ಎಂದರು ಇವರು. “ಬೋರ್ಡು ತಿರುವು ಬಿಟ್ಟ ಮೇಲೆ ಹಾಕಿದ್ದಾರೆ. ಈ ಮುನಿಸಿಪಾಲಿಟಿಯವರಿಗೆ ಸ್ವಲ್ಪವೂ—”

ಅಕ್ಷಿತಾ ಹಿಂದಿನಿಂದ ನನ್ನ ಭುಜ ತಿವಿದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಒಂದೇ ದಿನದಲ್ಲಿ ಎರಡು ಸಲ ಎದ್ದು ನಿಲ್ಲುವ ಶಕ್ತಿ ನನಗಿರಲಿಲ್ಲ. ಕಾರಿನಲ್ಲಿ ನಿಲ್ಲಲು ಜಾಗವೂ ಇರಲಿಲ್ಲ.