ಗೊರಕೆಗುಡ್ಡ ಮತ್ತು ಇತರ ಹಿರಿಯರು

ತನ್ನ ಡಿಗ್ರಿ ಒಬ್ಬ ಮುದುಕನ ಗೊರಕೆಗೆ ಸಿಕ್ಕಿಕೊಂಡಿದೆ ಎಂದು ಜಿಪಾರಾಳಿಗೆ ಗೊತ್ತಾದದ್ದು ಪರೀಕ್ಷೆಯ ದಿನವೇ. ಸಮೋವರ್ ಪಾತ್ರೆಯಲ್ಲಿ ಕುದಿದ ಬೆಳಗಿನ ಟೀ ಇನ್ನೂ ಬಾಯಿಗೆ ತಾಗಿರಲಿಲ್ಲ.

"ಎಜೆ, ಗೊರಕೆಗುಡ್ಡ ಅಂದ್ರೆ ಯಾವ ಬೆಟ್ಟ?" ಎಂದು ಕುಂದುಜ್ ಕಂಪ್ಯೂಟರಿನ ಹಿಂದಿನಿಂದ ಕೇಳಿದಳು.

ಈ ಹುಡುಗಿ ಜಿಪಾರಾಳನ್ನು ಎಜೆ, ಅಕ್ಕ, ಎಂದು ಕರೆಯುತ್ತಿದ್ದರೂ ಲೆಕ್ಕದಲ್ಲಿ ಅವಳ ಸಹಪಾಠಿ. ಇಬ್ಬರೂ ರಾಜಧಾನಿ ಬಿಷ್ಕೆಕ್‌ನ ವಿಶ್ವವಿದ್ಯಾಲಯದಲ್ಲಿ ಮಾಹಿತಿ ವಿಜ್ಞಾನದ ಕೊನೆಯ ವರ್ಷದಲ್ಲಿದ್ದರು. ಒಬ್ಬಳು ದಿನವೂ ತರಗತಿಗೆ ಹೋಗುವ ಪಟ್ಟಣದ ಹುಡುಗಿ. ಇನ್ನೊಬ್ಬಳು ದೂರದ ಸರೋವರವೊಂದರ ದಕ್ಷಿಣ ದಂಡೆಯ ಹಳ್ಳಿಯಿಂದ ಬಸ್ಸು ಹತ್ತಿ ಹೋಗಿ, ಪರೀಕ್ಷೆ ಬರೆದು, ಮರುದಿನ ಬಂದು ಹಸು ಕರೆಯುವ ನಲವತ್ತಾರರ ಹೆಂಗಸು. ಕೊನೆಯ ವರ್ಷದವರು ಯಾವುದಾದರೂ ಊರಿನ ಗ್ರಂಥಾಲಯಕ್ಕೆ ಪ್ರಯೋಜನವಾಗುವಂಥ ಕೆಲಸ ಮಾಡಿ ತೋರಿಸಬೇಕು, ಊರಿನವರ ಎದುರಿಗೇ ಅದರ ಪರೀಕ್ಷೆಯಾಗಬೇಕು ಎಂಬುದು ನಿಯಮ. ಇವರಿಬ್ಬರು ಜಿಪಾರಾ ನೋಡಿಕೊಳ್ಳುವ ಹಳ್ಳಿಯ ಗ್ರಂಥಾಲಯಕ್ಕಾಗಿ ಮನೆಮನೆಯ ಹಳೆಯ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದ್ದರು. ಹೆಸರು ಬರೆದು ಹುಡುಕಿದರೆ ಆ ಮನುಷ್ಯನ ಫೋಟೋಗಳೆಲ್ಲ ಬರಬೇಕು. ಯಂತ್ರದ ಕೆಲಸ ಕುಂದುಜ್‌ಳದು, ಹೆಸರು ತುಂಬುವುದು ಜಿಪಾರಾಳದು.

"ಬೆಟ್ಟ ಅಲ್ಲಮ್ಮ, ನಮ್ಮ ಹಿರಿಯರೊಬ್ಬರು," ಎಂದಳು ಜಿಪಾರಾ.

"ಅರ್ಧಮೀಸೆ?"

"ಅವರೂ ಹಿರಿಯರೇ."

"ಕುರಿಮರೆತವರು? ಹೆಂಡತಿ ಕಂಡ್ರೆ ಕುದುರೆ ಹತ್ತೋರು?" ಕುಂದುಜ್‌ಳ ಧ್ವನಿ ಏರುತ್ತ ಹೋಯಿತು. "ಎಜೆ, ಇಡೀ ಊರಲ್ಲಿ ಒಬ್ಬ ಗಂಡಸಿಗಾದ್ರೂ ಹೆಸರು ಅನ್ನೋದು ಇದೆಯಾ? ಪರೀಕ್ಷೆ ತಗೊಳ್ಳೋಕೆ ಕ್ಲಾರಾ ಮೇಡಮ್ ಇನ್ನೊಂದು ಗಂಟೇಲಿ ಬಸ್ ಇಳೀತಾರೆ!"

ಜಿಪಾರಾ ಟೀ ಬಟ್ಟಲನ್ನು ಕೆಳಗಿಟ್ಟಳು. ತಪ್ಪು ಮಾಡಿದೆ ಎಂದು ಅವಳಿಗೆ ಹೊಳೆದದ್ದು ಆಗಲೇ. ಊರೆಲ್ಲ ಅವಳ ಗಂಡನ ಬಳಗ. ಗಂಡನ ಹೆಸರನ್ನಾಗಲಿ, ಅವನಿಗಿಂತ ಹಿರಿಯರಾದ ಯಾರ ಹೆಸರನ್ನಾಗಲಿ ಸೊಸೆಯಾದವಳು ನಾಲಿಗೆಯ ಮೇಲೆ ತರುವಂತಿಲ್ಲ. ಮದುವೆಯಾಗಿ ಬಂದ ದಿನದಿಂದ ಆ ಹೆಸರುಗಳ ಸುತ್ತ ಬಳಸಿ ನಡೆದೂ ನಡೆದೂ, ಅಲ್ಲಿ ಹೆಸರು ಎಂಬುದೊಂದಿದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ಫೋಟೋಗಳಲ್ಲಿದ್ದವರನ್ನು ಗುರುತಿಸಿದ್ದು ಅವಳ ಅತ್ತೆ. ಚಳಿಗಾಲವಿಡೀ ಒಲೆಯ ಪಕ್ಕ ಕಾಲುಚೀಲ ಹೆಣೆಯುತ್ತ, ಮುದುಕಿ ಒಬ್ಬೊಬ್ಬರನ್ನೂ ತನ್ನ ಬಾಯಿಗೆ ಬಂದಂತೆ ಕರೆದು, "ಬರೆದದ್ದು ಓದು ನೋಡೋಣ" ಎಂದು ಜೋರಾಗಿ ಓದಿಸಿ ಕೇಳಿಸಿಕೊಂಡಿದ್ದಳು. ಅತ್ತೆಯೂ ಈ ಊರಿಗೆ ಸೊಸೆಯೇ ತಾನೆ! ಅವಳು ಹೇಳಿದ್ದು ಅಡ್ಡಹೆಸರು, ಇವಳು ಬರೆದದ್ದು ಅಡ್ಡಹೆಸರು. ಓದುವಾಗ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಇಷ್ಟು ವರ್ಷಗಳಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಆ ಚಳಿಗಾಲವೇ ಹೆಚ್ಚು.

"ಈಗ ಹೇಳಿ, ಬೇಗ ಬೇಗ ಬದಲಾಯಿಸ್ತೀನಿ," ಎಂದಳು ಕುಂದುಜ್. "ಗೊರಕೆಗುಡ್ಡ, ನಿಜವಾದ ಹೆಸರು?"

ಜಿಪಾರಾ ಬಾಯಿ ತೆರೆದಳು, ಮುಚ್ಚಿದಳು.

"ಬರೆದಾದ್ರೂ ಕೊಡಿ!"

ಪೆನ್ನು ಹಿಡಿದಳು. ಬರೆಯುವಾಗ ತುಟಿ ಅಲುಗಾಡಿಸುವುದು ಅವಳ ಅಭ್ಯಾಸ. ತುಟಿ ನಿಂತುಕೊಂಡಿತು, ಪೆನ್ನೂ ನಿಂತುಕೊಂಡಿತು. ಪಾಪ ಬರುತ್ತದೆಂಬ ಭಯ ಅವಳಿಗಿರಲಿಲ್ಲ. ಪಾಪಕ್ಕೆ ಹೆದರುವ ವಯಸ್ಸು ದಾಟಿತ್ತು. ಆದರೆ ಬೀದಿಯಲ್ಲಿ ತಲೆಬಟ್ಟೆ ತೆಗೆದು ನಿಲ್ಲು ಎಂದರೆ ಹೇಗಾಗುತ್ತದೋ ಹಾಗಾಯಿತು.

"ಯಾರಾದ್ರೂ ಗಂಡಸರನ್ನ ಕರೀರಿ!"

"ಗಂಡಸರೆಲ್ಲ ಕುರಿ ಹೊಡ್ಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿದ್ದಾರಲ್ಲ. ಊರಲ್ಲಿ ಉಳಿದಿರೋದು ಮುದುಕರು."

"ಮುದುಕರನ್ನೇ ಕೇಳಿ!"

"ಏನಂತ ಕೇಳಲಿ? ಅಜ್ಜ, ನಿಮ್ಮನ್ನ ಗೊರಕೆಗುಡ್ಡ ಅಂತ ಬರೆದಿದ್ದೀನಿ, ಸರಿಯಾದ ಹೆಸರು ಹೇಳಿ ಅಂತಲಾ?"

ಕುಂದುಜ್ ತಲೆಯನ್ನು ಕೀಬೋರ್ಡಿನ ಮೇಲೆ ಇಟ್ಟಳು. ಪರದೆಯ ತುಂಬ ಒಂದೇ ಅಕ್ಷರ ಓಡತೊಡಗಿತು.

ಫೇಲಾದರೆ ಆ ಹುಡುಗಿ ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕೂರಬಹುದಿತ್ತು. ಜಿಪಾರಾಳಿಗೆ ಅಷ್ಟು ಸಮಯ ಇರಲಿಲ್ಲ. ಡಿಗ್ರಿ ಇಲ್ಲದವರು ಗ್ರಂಥಾಲಯದ ಮುಖ್ಯಸ್ಥರಾಗಿರಬಾರದು ಎಂದು ಹೊಸ ಆಜ್ಞೆ ಬಂದಿತ್ತು. ಶರತ್ಕಾಲದೊಳಗೆ ಕಾಗದ ತೋರಿಸದಿದ್ದರೆ ಆ ಕುರ್ಚಿ ಊರಿನ ಯಜಮಾನನ ನಾದಿನಿಗೆ. ಆ ಮಹಾತಾಯಿ ಈಗಾಗಲೇ ಬಂದು, ಓದುವ ಕೋಣೆಯ ಕಿಟಕಿಗೆ ಯಾವ ಬಣ್ಣದ ಪರದೆ ಒಪ್ಪುತ್ತದೆ ಎಂದು ಅಳತೆ ತೆಗೆದುಕೊಂಡು ಹೋಗಿದ್ದಳು. ಸಂಬಳ ಹೋದರೆ ಹೋಗಲಿ. ಆದರೆ ಊರಿಗೆಲ್ಲ ಜಿಪಾರಾ ಸೊಸೆ. ಮನೆಯಲ್ಲಿ ಸೊಸೆ, ಬಾವಿಯ ಹತ್ತಿರ ಸೊಸೆ, ಮದುವೆಯ ಮನೆಯಲ್ಲಿ ಪಾತ್ರೆ ತೊಳೆಯಲು ಕರೆಯುವಾಗಲಂತೂ ಖಂಡಿತ ಸೊಸೆ. ಈ ಬಾಗಿಲು ದಾಟಿ ಒಳಗೆ ಬಂದರೆ ಮಾತ್ರ, ಶಾಲೆಯ ಮಕ್ಕಳು "ಜಿಪಾರಾ ಎಜೆ, ಪುಸ್ತಕ ಕೊಡಿ" ಎನ್ನುತ್ತಿದ್ದರು. ಅವಳ ಹೆಸರು ಬದುಕಿದ್ದದ್ದು ಈ ಎರಡು ಕೋಣೆಗಳಲ್ಲಿ.

ಕ್ಲಾರಾ ಮೇಡಮ್ ಬಸ್ಸಿಳಿದರು. ಧೂಳು ಹಿಡಿದ ಬೂಟು, ಉಕ್ಕಿನ ಬಣ್ಣದ ಕೂದಲು, ಮುಗುಳ್ನಗೆಯನ್ನು ಪಟ್ಟಣದಲ್ಲೇ ಬಿಟ್ಟುಬಂದಂಥ ಮುಖ. ಊರಿನ ಹೆಂಗಸರು ಬೋರ್ಸೋಕ್ ಎಂಬ ಕರಿದ ಹಿಟ್ಟಿನ ಉಂಡೆಗಳು ತುಂಬಿದ ತಟ್ಟೆಗಳೊಂದಿಗೆ ಬಂದು ಹಿಂದಿನ ಬೆಂಚುಗಳನ್ನು ತುಂಬಿದರು. ಮುಂದಿನ ಸಾಲಿನಲ್ಲಿ ಬಿಳಿ ಟೋಪಿಯ ಮುದುಕರು. ಅವರ ನಡುವೆ, ಮೊಣಕಾಲುಗಳನ್ನು ಆದಷ್ಟು ಅಗಲಿಸಿ, ಎಂಬತ್ತು ದಾಟಿದ ಅಸಾನ್‌ಕುಲ್ ಕೂತಿದ್ದ. ಜಿಪಾರಾಳ ಅತ್ತೆ ಒಲೆಯ ಪಕ್ಕದ ತನ್ನ ಜಾಗದಲ್ಲಿ ಹೆಣಿಗೆಯೊಂದಿಗೆ.

"ಅಸಾನ್‌ಕುಲ್ ಅಂತ ನನ್ನ ಹೆಸರು ಹುಡುಕಿ ಮೊದ್ಲು," ಎಂದ ಅಸಾನ್‌ಕುಲ್. "ಆರು ಫೋಟೋ ಕೊಟ್ಟಿದ್ದೀನಿ. ಕುದುರೆ ಮೇಲಿರೋದು ದೊಡ್ಡದಾಗಿ ತೋರಿಸಿ."

ಕ್ಲಾರಾ ಮೇಡಮ್ ತಾವೇ ಟೈಪ್ ಮಾಡಿದರು. ಏನೂ ಬರಲಿಲ್ಲ. ಮತ್ತೆ ಮಾಡಿದರು. ಇಲ್ಲ. ಅವರು ಕನ್ನಡಕದ ಮೇಲಿನಿಂದ ಜಿಪಾರಾಳನ್ನು ನೋಡಿ, ಫೋಟೋಗಳನ್ನು ಒಂದೊಂದಾಗಿ ಸರಿಸತೊಡಗಿದರು. ಗೋಡೆಗೆ ಕಟ್ಟಿದ್ದ ಬಿಳಿ ಬಟ್ಟೆಯ ಮೇಲೆ, ಕೆನ್ನೆ ತುಂಬಿದ ತರುಣನೊಬ್ಬ ಕುದುರೆಯೇರಿ ಬಂದ. ಅವನ ಕೆಳಗೆ ದಪ್ಪಕ್ಷರಗಳಲ್ಲಿ: ಗೊರಕೆಗುಡ್ಡ, ಪ್ರಾಯದಲ್ಲಿ.

ಹಿಂದಿನ ಬೆಂಚಿನಲ್ಲಿ ಯಾರೋ ಮೂಗಿನಿಂದ ಸಣ್ಣ ಸದ್ದು ಹೊರಡಿಸಿದರು. ಅಷ್ಟೇ ಸಾಕಾಯಿತು. ಹೆಂಗಸರೆಲ್ಲ ತಲೆಬಟ್ಟೆಯ ಅಂಚನ್ನು ಬಾಯಿಗೆ ತುರುಕಿಕೊಂಡು ಅಲುಗಾಡಿದರು. ಒಂದು ತಟ್ಟೆ ಉರುಳಿ ಬೋರ್ಸೋಕ್‌ಗಳು ಬೆಂಚಿನಡಿ ಓಡಿದವು.

"ಯಾರದು ಗೊರಕೆಗುಡ್ಡ?" ಅಸಾನ್‌ಕುಲ್ ಎದ್ದು ನಿಂತ.

"ನಾನ್ ಅರ್ಧಮೀಸೆನಂತೆ," ಎಂದು ಪಕ್ಕದ ಮುದುಕ ಗೋಡೆಯ ಮೇಲೆ ಮೂಡಿದ ಮುಂದಿನ ಫೋಟೋ ನೋಡುತ್ತ ಮೆಲ್ಲಗೆ ಹೇಳಿದ. "ನಿಂದೇ ಎಷ್ಟೋ ವಾಸಿ, ಕೂತ್ಕೋ."

"ಎಷ್ಟು ವರ್ಷದಿಂದ ಹೀಗೆ ಕರೀತಿದ್ದೀರಿ?" ಅಸಾನ್‌ಕುಲ್ ಹೆಂಗಸರ ಕಡೆ ತಿರುಗಿದ.

ಒಲೆಯ ಪಕ್ಕದಿಂದ ಅತ್ತೆ ಹೆಣಿಗೆಯಿಂದ ತಲೆ ಎತ್ತದೆ ಹೇಳಿದಳು: "ನಾನು ಮದುವೆಯಾಗಿ ಬಂದ ರಾತ್ರಿಯಿಂದ. ನಿಮ್ಮ ಗುಡಾರ ಪಕ್ಕದ್ದೇ ಆಗಿತ್ತಲ್ಲ."

"ಅಳಿಸು! ಎಲ್ಲ ಅಳಿಸು!" ಅಸಾನ್‌ಕುಲ್ ಕುಂದುಜ್‌ಳ ಕಡೆ ಕೋಲು ತೋರಿಸಿದ.

ಕ್ಲಾರಾ ಮೇಡಮ್ ಕೈಯೆತ್ತಿದರು. "ಅಳಿಸೋದು ನಮ್ಮ ಕಸುಬಲ್ಲಿಲ್ಲ, ಅಜ್ಜ. ಒಬ್ಬನಿಗೆ ಎರಡು ಹೆಸರಿದ್ರೆ ಎರಡನ್ನೂ ಇಡ್ತೀವಿ. ಅದನ್ನ ಹುಡುಕಿದೋರಿಗೆ ಇದನ್ನ ನೋಡಿ, ಇದನ್ನ ಹುಡುಕಿದೋರಿಗೆ ಅದನ್ನ ನೋಡಿ ಅಂತ ದಾರಿ ತೋರಿಸ್ತೀವಿ." ಆಮೇಲೆ ಜಿಪಾರಾಳತ್ತ ತಿರುಗಿದರು. ಅವರ ಮುಖದಲ್ಲಿ ಒಂದಿಷ್ಟೂ ಕರುಣೆ ಇರಲಿಲ್ಲ. "ಆದ್ರೆ ಎರಡೂ ಇರಬೇಕಮ್ಮ. ನಾನೂ ಒಂದೂರಿನ ಸೊಸೆನೇ, ನಿನ್ನ ಕಷ್ಟ ಗೊತ್ತು. ಆದ್ರೆ ಅರ್ಧ ಕೆಲಸಕ್ಕೆ ನಾನು ಸಹಿ ಹಾಕಲ್ಲ. ನನ್ನ ಬಸ್ಸು ಬರೋದ್ರೊಳಗೆ ಹೆಸರು ಬಂದ್ರೆ ಪಾಸು. ಇಲ್ಲ ಅಂದ್ರೆ ಇಲ್ಲ."

ಜಿಪಾರಾ ಮುದುಕರ ಸಾಲಿನತ್ತ ನೋಡಿದಳು. ಅವಳನ್ನು ಉಳಿಸಿದ್ದು ಯಾರ ದಯೆಯೂ ಅಲ್ಲ, ಅಸಾನ್‌ಕುಲ್‌ನ ಜಂಬ. ತನ್ನ ಕುದುರೆಯ ಕೆಳಗೆ ತನ್ನ ಹೆಸರಿಲ್ಲದೆ ಬಸ್ಸು ಹೋಗಿಬಿಡುವುದನ್ನು ಅವನು ಸಹಿಸುವಂತಿರಲಿಲ್ಲ. ಕೋಲೂರಿ ಕಂಪ್ಯೂಟರಿನ ಪಕ್ಕ ಬಂದು ನಿಂತ. "ಬರಿ ಹುಡುಗಿ. ಅ-ಸಾ-ನ್-ಕುಲ್. ಮೊದಲು ಇದು, ಆ ಹಾಳು ಗುಡ್ಡ ಕೆಳಗೆ, ಸಣ್ಣಕ್ಷರದಲ್ಲಿ!" ಆಮೇಲೆ ಗಂಡಸರ ಪ್ರತಿ ಫೋಟೋಕ್ಕೂ ಬದುಕಿದ್ದವರ, ಸತ್ತವರ ಹೆಸರನ್ನು ಜಾತ್ರೆಯಲ್ಲಿ ಕುದುರೆ ಹರಾಜು ಕೂಗಿದಂತೆ ಕೂಗಿದ. ಕುಂದುಜ್‌ಳ ಬೆರಳು ಓಡಿದವು. ಹಿಂದಿನ ಬೆಂಚಿನ ಹೆಂಗಸರು ಪ್ರತಿ ಹೆಸರಿಗೂ ಅದರ ಅಡ್ಡಹೆಸರನ್ನು ಪಿಸುಗುಟ್ಟಿ ಮತ್ತೆ ಮತ್ತೆ ನಕ್ಕರು.

ಗಂಡಸರ ಕೊನೆಯ ಫೋಟೋದಲ್ಲಿ ಸೇಬಿನ ಮರದ ಕೆಳಗೆ ತೆಳ್ಳಗಿನವನೊಬ್ಬ ನಿಂತಿದ್ದ. ಕೆಳಗೆ ಹೀಗಿತ್ತು: ಬಾಗಿಲಲ್ಲಿ ಕೆಮ್ಮುವವರು. ಜಿಪಾರಾಳ ಮಾವ, ತೀರಿಕೊಂಡು ಬಹಳ ಕಾಲವಾಗಿತ್ತು. ಒಳಗೆ ಸೊಸೆ ತಲೆಬಟ್ಟೆ ಸರಿಪಡಿಸಿಕೊಳ್ಳಲೆಂದು, ತನ್ನ ಮನೆಗೇ ಬರುವಾಗಲೂ ಕೆಮ್ಮಿ ಒಂದು ಗಳಿಗೆ ಕಾಯುತ್ತಿದ್ದ ಮನುಷ್ಯ.

"ಇವನು ನನ್ನ ತಮ್ಮನೇ," ಎಂದು ಅಸಾನ್‌ಕುಲ್ ಶುರುಮಾಡಿದ. "ಬರಿ..."

"ಸುಮ್ನಿರಿ," ಎಂದಳು ಅತ್ತೆ. ಹೆಣಿಗೆಯನ್ನು ಪಕ್ಕಕ್ಕಿಟ್ಟಿದ್ದಳು. "ಅದು ನಂದು."

ಜಿಪಾರಾ ಕುಂದುಜ್‌ಳನ್ನು ಸರಿಸಿ ತಾನೇ ಕೂತಳು. ಅತ್ತೆ ಗಂಟಲು ಸರಿಪಡಿಸಿಕೊಂಡಳು. ಮೊದಲ ಸಲ ಬರೀ ಗಾಳಿ ಬಂತು.

"ಬೇಯ್ಶೆನ್," ಎಂದಳು.

ಜಿಪಾರಾಳ ಬೆರಳು ಅದನ್ನು ಬರೆದವು. ತುಟಿಯೂ ಜೊತೆಗೆ ಅಲುಗಾಡಿತು.

ಅತ್ತೆ ಸ್ವಲ್ಪ ಹೊತ್ತು ಕಾದಳು, ಮಾಳಿಗೆಯಿಂದ ಏನಾದರೂ ಬೀಳುತ್ತದೆಯೋ ಎಂಬಂತೆ. "ಇಷ್ಟೇನಾ? ಇಷ್ಟಕ್ಕಾ ನಾನು ಇಷ್ಟು ವರ್ಷ ಬಾಯಿ ಹೊಲ್ಕೊಂಡಿದ್ದು? ಆ ಮನುಷ್ಯನೂ ಒಂದು ದಿನ ಹೆಸರು ಹಿಡಿದು ಕರಿ ಅಂತ ಅನ್ನಲಿಲ್ಲ. ಬಾಗಿಲಲ್ಲಿ ಕೆಮ್ತಾನೇ ಇದ್ದ."

ಯಾರೂ ನಗಲಿಲ್ಲ. ಅವಳು ಮತ್ತೊಮ್ಮೆ "ಬೇಯ್ಶೆನ್" ಎಂದಳು, ಈ ಸಲ ತಡಮಾಡಿ ಮನೆಗೆ ಬಂದವನನ್ನು ಗದರಿಸುವ ದನಿಯಲ್ಲಿ.

ಹೊರಗೆ ಬಸ್ಸಿನ ಹಾರ್ನ್ ಕೇಳಿಸಿತು. ಕ್ಲಾರಾ ಮೇಡಮ್ ಸಹಿ ಹಾಕಿದರು. ಐದಕ್ಕೆ ನಾಲ್ಕು. ಐದು ಯಾಕಿಲ್ಲ ಎಂದು ಕುಂದುಜ್ ಮುಖ ಊದಿಸಿದಾಗ, "ಪರೀಕ್ಷೆ ದಿನ ಬೆಳಿಗ್ಗೆ ಕೆಲಸ ತೆರೆದು ನೋಡಿದ್ದಕ್ಕೆ," ಎಂದು ಒಂದು ಬೋರ್ಸೋಕ್ ಬಾಯಿಗೆ ಹಾಕಿಕೊಂಡು ಹೋದರು.

ಜನ ಚದುರಿದ ಮೇಲೆ ಜಿಪಾರಾ ತನ್ನ ಕುರ್ಚಿಯಲ್ಲಿ ಕೂತಳು. ಶರತ್ಕಾಲದಲ್ಲೂ ಅದು ಅವಳದೇ. ಕಿಟಕಿಗೆ ಪರದೆ ಬೇಕಿಲ್ಲ ಎಂದು ಆಗಲೇ ತೀರ್ಮಾನಿಸಿದಳು.

"ಈಗ ನನ್ನ ಫೋಟೋ ತೋರಿಸು," ಎಂದಳು ಅತ್ತೆ, ಬೆನ್ನ ಹಿಂದೆ ಬಂದು ನಿಂತು. "ಆ ಕೆಂಪು ಉಡುಪಿನದು. ನಾವು ಸೊಸೆಯರು ಹಿರಿಯರಿಗೆಲ್ಲ ಹೆಸರಿಟ್ಟೆವು. ಅತ್ತೆಗೆ ಇಡದೆ ನೀನು ಬಿಟ್ಟಿರ್ತೀಯಾ, ಜಿಪಾರಾ?"

ಜಿಪಾರಾ ತಿರುಗಿ ನೋಡಲಿಲ್ಲ. ಆ ಬಾಯಿಂದ ತನ್ನ ಹೆಸರು ಮೊದಲ ಸಲ ಹೀಗೆ ನೆಟ್ಟಗೆ ಬಂದಿತ್ತು, ತಿರುಗಿದರೆ ಆ ಹೆಸರು ಎಲ್ಲಿ ನಿಂತುಹೋಗುತ್ತದೋ ಎನಿಸಿತು. ಪರದೆಯ ಮೇಲೆ ಕೆಂಪು ಉಡುಪಿನ ಹುಡುಗಿ ನಗುತ್ತಿದ್ದಳು. ಕೆಳಗೆ, ಚಳಿಗಾಲದ ಒಂದು ರಾತ್ರಿ ಅತ್ತೆ ನಿದ್ದೆ ಹೋದ ಮೇಲೆ ಜಿಪಾರಾ ಬರೆದದ್ದು ಇತ್ತು: ಮುಚ್ಚಳ ಹಾರಿದ ಸಮೋವರ್.

"ಏನಂತ ಬರೆದಿದ್ದೀಯ? ಅಕ್ಷರ ಕಾಣ್ತಿಲ್ಲ. ನನ್ನ ಕನ್ನಡಕ ಎಲ್ಲಿ ಹೋಯ್ತು?"

ಕನ್ನಡಕ ಅವಳ ತಲೆಬಟ್ಟೆಯ ಮೇಲೇ ಇತ್ತು.

"ಹುಡುಕಿ ಅತ್ತೆ, ಇಲ್ಲೇ ಎಲ್ಲೋ ಇರತ್ತೆ," ಎಂದಳು ಜಿಪಾರಾ.