ಮರ್ಲ್ ಓಬ್ರಿಂಗರ್‌ನನ್ನು ನಿಲ್ಲಿಸಿದ್ದು

ಜನೀನ್ ಮನೆಯ ಅಡುಗೆಮೇಜಿನ ಮುಂದೆ ಮರ್ಲ್ ಓಬ್ರಿಂಗರ್ ಟೋಪಿ ತೆಗೆದು ಕೂತಿದ್ದ. ಅಷ್ಟು ನೋಡಿಯೇ ಅವಳ ಹೊಟ್ಟೆ ತಣ್ಣಗಾಯಿತು.

ಎರಡು ವರ್ಷದ ಹಿಂದೆ ಇದೇ ಮನುಷ್ಯ ಕಾಫಿ ಅಂಗಡಿಯಲ್ಲಿ ಕೂತು, "ಮನೆ ಜಮೀನಿನ ಮೇಲೆ ಇನ್ನೂ ತೆರಿಗೆಯಾ? ಹುಡುಗರು ತುತ್ತೂರಿ ಊದೋದಕ್ಕೆ ನಾವ್ಯಾಕೆ ದುಡ್ಡು ಸುರೀಬೇಕು?" ಎಂದು ಊರನ್ನೇ ಎತ್ತಿಕಟ್ಟಿದ್ದ. ಶಾಲೆ ನಡೆಯುವುದು ಊರವರ ಆಸ್ತಿ ತೆರಿಗೆಯಿಂದ. ಏರಿಸಬೇಕಾದರೆ ಊರವರೇ ಮತ ಹಾಕಿ ಹೌದೆನ್ನಬೇಕು. ಊರು ಬೇಡ ಎಂದಿತು. ಮೊದಲು ಹೋದದ್ದು ಬ್ಯಾಂಡು, ಅದರ ಜೊತೆಗೇ ಬ್ಯಾಂಡ್ ಕಲಿಸುತ್ತಿದ್ದ ಜನೀನ್‌ಳ ಕೆಲಸ. ಈಗ ಅವಳು ಔಷಧಿ ಅಂಗಡಿಯ ಕಿಟಕಿಯಲ್ಲಿ ಕೂತು, ಪಕ್ಕಕ್ಕೇ ಬಂದು ನಿಲ್ಲುವ ತನ್ನ ಹಳೆಯ ವಿದ್ಯಾರ್ಥಿಗಳ ಕಾರುಗಳಿಗೆ ಮಾತ್ರೆ ಪೊಟ್ಟಣ ಚಾಚುತ್ತಾಳೆ.

ಈ ನವೆಂಬರಿನಲ್ಲಿ ಮತ್ತೆ ಮತ. ಗೆದ್ದರೆ ಬ್ಯಾಂಡೂ ವಾಪಸ್ಸು, ಅವಳೂ ವಾಪಸ್ಸು. ಹೌದು ಎನ್ನುವವರ ಮುಂದಾಳು ಅವಳೇ.

"ಮನೆ ಮಾರೋಕಿಟ್ಟಿದ್ದೀನಿ ಟೀಚರಮ್ಮ. ಫ್ಲೋರಿಡಾಗೆ ಹೋಗೋಣ ಅಂತ," ಎಂದ ಮರ್ಲ್. "ನೋಡೋಕೆ ಬಂದವರೆಲ್ಲ ಶಾಲೆ ಹೇಗಿದೆ ಅಂತ ಕೇಳ್ತಾರೆ, ಆಮೇಲೆ ಪತ್ತೇನೇ ಇರಲ್ಲ. ಈ ಸಲ ತೆರಿಗೆ ಗೆಲ್ಲಬೇಕು. ಕಾಫಿ ಅಂಗಡಿಯ ನಮ್ಮ ಗೆಳೆಯರಿಗೆ ಒಬ್ಬೊಬ್ಬರಿಗೇ ಮೆತ್ತಗೆ ಹೇಳ್ತೀನಿ. ಮನೆ ವಿಷಯ ಮಾತ್ರ ನಿಮ್ಮಲ್ಲೇ ಇರ್ಲಿ."

"ಮೆತ್ತಗೆ ಯಾಕೆ? ಅವತ್ತು ಗಟ್ಟಿಯಾಗೇ ಹೇಳಿದ್ರಲ್ಲ. ಮತದ ದಿನ ನಮ್ಮ ಫಲಕ ಹಿಡ್ಕೊಂಡು ನಿಲ್ಲಿ."

"ಎಲ್ಲರೆದುರಿಗಾ? ಮಾನ ಹೋಗುತ್ತಮ್ಮ!"

"ನಿಲ್ಲದಿದ್ರೆ ನಾಳೇನೇ ಕಾಫಿ ಅಂಗಡಿಗೆ ಹೋಗಿ ನಾನೇ ಎಲ್ಲಾ ಹೇಳ್ತೀನಿ."

ಮತದ ದಿನ ಬೆಳಿಗ್ಗೆಯಿಂದಲೇ ಹಿಮ ಬೆರೆತ ಮಳೆ. ಅಗ್ನಿಶಾಮಕ ಠಾಣೆಯೊಳಗೆ ಮತದಾನ. ಪ್ರಚಾರದವರು ದಾಟಬಾರದೆಂದು ಹೊರಗೆ ನೆಟ್ಟ ಪುಟ್ಟ ಬಾವುಟಗಳ ಆಚೆ ಮರ್ಲ್ ಫಲಕ ಹಿಡಿದು ನಡುಗುತ್ತಿದ್ದ. ಜನೀನ್ ತನ್ನವರಿಗೆಲ್ಲ ಬಿಸಿ ಕಾಫಿ ಕೊಟ್ಟಳು. ಅವನ ಹತ್ತಿರ ಬಂದಾಗ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.

ಕಾಫಿ ಅಂಗಡಿಯ ಗೆಳೆಯ ಡ್ವೇನ್ ಪಿಕಪ್ಪಿನಿಂದ ಇಳಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನೋ ಮರ್ಲ್, ನೀನೂ ತುತ್ತೂರಿ ಕಲಿಯೋಕೆ ಸೇರ್ಕೊಂಡ್ಯಾ?"

"ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ಕಣೋ..."

ಆ ಮಾತು ಕೇಳಿ ಜನೀನ್‌ಗೆ ಮೈ ಉರಿಯಿತು. ಎರಡು ವರ್ಷ ನುಂಗಿಕೊಂಡದ್ದು ಬಾಯಿಗೆ ಬಂತು. "ಮಕ್ಕಳಿಗಲ್ಲ ಡ್ವೇನ್, ಮನೆ ಮಾರೋದಕ್ಕೆ! ತೆರಿಗೆ ನಿಮ್ಮ ತಲೆಗೆ ಕಟ್ಟಿ ಇವರು ಫ್ಲೋರಿಡಾದಲ್ಲಿ ಬಿಸಿಲು ಕಾಯಿಸ್ಕೊಳ್ತಾರಂತೆ."

ಮರ್ಲ್‌ನ ಮುಖ ಸುಟ್ಟ ಬದನೆಕಾಯಿಯಾಯಿತು. ಅವಳು ಅದನ್ನು ಕಣ್ತುಂಬ ನೋಡಿದಳು. ಡ್ವೇನ್ ನಗುವುದನ್ನು ನಿಲ್ಲಿಸಿದ್ದನ್ನಾಗಲಿ, ಜೇಬಿನಿಂದ ಫೋನ್ ತೆಗೆದದ್ದನ್ನಾಗಲಿ ಗಮನಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಿಕಪ್ಪುಗಳು ಸಾಲುಗಟ್ಟಿದವು. ಈ ಮಳೆಯಲ್ಲಿ ಮನೆ ಬಿಟ್ಟು ಹೊರಡುವವರಲ್ಲದ ಗಂಡಸರೆಲ್ಲ ಹಲ್ಲು ಕಚ್ಚಿಕೊಂಡು ಒಳಗೆ ಹೋದರು. ತೆರಿಗೆ ಸೋತುಹೋಯಿತು.

ಫಲಿತಾಂಶ ಬಂದಾಗ ಮರ್ಲ್ ನೆಂದ ಕೋಟಿನಲ್ಲೇ ಅವಳೆದುರು ಬಂದು ನಿಂತ. "ಬಾಯಿ ಮುಚ್ಕೊಂಡಿದ್ರೆ ಗೆಲ್ತಿದ್ವಲ್ಲೇ! ನಿನ್ನ ಕೆಲಸಾನೂ ಹೋಯ್ತು, ನನ್ನ ಮನೆ ಮಾರಾಟಾನೂ ಕೆಟ್ಟಿತು."

ಬೇಸಿಗೆಯಿಡೀ ತನ್ನ ಮನೆಯ ಗ್ಯಾರೇಜಿಗೆ ಬಂದು ತುತ್ತೂರಿ ಅಭ್ಯಾಸ ಮಾಡಿದ ಮಕ್ಕಳ ಮುಖಗಳು ಜನೀನ್‌ಗೆ ನೆನಪಾದವು. ಆದರೂ ಕಣ್ಣು ಅವನ ಕೆಂಪಗಾದ ಮೂಗಿನ ಮೇಲೇ ಇತ್ತು.

"ಇನ್ನೆಲ್ಲಿಯ ಫ್ಲೋರಿಡಾ, ಇಲ್ಲೇ ಇರಿ ಮರ್ಲ್," ಎಂದಳು. "ಮುಂದಿನ ವರ್ಷ ಮತ್ತೆ ಮತ ಕೇಳ್ತೀವಿ. ದಪ್ಪ ಕೋಟು ಹಾಕ್ಕೊಂಡು ಬನ್ನಿ."